ಅಕ್ಕ ಸಾಕ್ಷಿ ಹೇಳಿದ ದಿನ

"ನೀವು ಹೇಳಿದ್ದೆಲ್ಲ ನಾನು ನಂಬ್ತೀನಿ ಮೇಡಂ. ಆದ್ರೆ ಕೋರ್ಟಿಗೆ ನೋಡಿದವರು ಬೇಕು," ಎಂದರು ಚನ್ನಗಿರಿಯ ನನ್ನ ವಕೀಲರು. ನನಗಿಂತ ಹತ್ತು ವರ್ಷ ಚಿಕ್ಕ ಹೆಣ್ಣುಮಗಳು. ನನ್ನ ಗಂಡ ವಿಚ್ಛೇದನಕ್ಕೆ ಒಪ್ಪಿರಲಿಲ್ಲ, ಕೈಯೇ ಎತ್ತಿಲ್ಲ ಎಂದು ಬರೆದುಕೊಟ್ಟಿದ್ದ. ಸಾಕ್ಷಿ ಇಲ್ಲದಿದ್ದರೆ ಅರ್ಜಿ ಬಿದ್ದುಹೋಗುತ್ತದೆ, ನಾನು ಅವನ ಹೆಂಡತಿಯಾಗಿಯೇ ಉಳಿಯುತ್ತೇನೆ. ಮೈಯೆಲ್ಲ ಉರಿಯಿತು. "ಹೊಡೆಯೋನು ಊರೋರನ್ನ ಕರೆದು ಹೊಡೀತಾನೇನ್ರೀ?" ಎಂದೆ. ಅವರು ಬೇಜಾರು ಮಾಡಿಕೊಳ್ಳದೆ ನೀರಿನ ಬಾಟಲಿಯನ್ನು ನನ್ನ ಮುಂದಿಟ್ಟರು.

ನೋಡಿದವಳು ಒಬ್ಬಳೇ, ಸವಳಂಗದ ನನ್ನ ಅಕ್ಕ. ಅಮ್ಮ ಹೋದ ಮೇಲೆ ಅವಳ ಮನೆಯೇ ನನಗೆ ತವರು. ಒಂದು ಯುಗಾದಿಗೆ ಹೋದಾಗ ನನ್ನನ್ನು ಒಳಗೆ ಕರೆದು ಬೆನ್ನಿನ ಬಾಸುಂಡೆಗಳಿಗೆ ಅರಿಸಿನ ಹಚ್ಚಿದವಳು ಅವಳು. ಫೋನ್ ಮಾಡಿ ಕೇಳಿದೆ.

"ಕೋರ್ಟ್ ಹತ್ತಾಕೆ ನಿಮ್ಮ ಭಾವ ಒಪ್ಪಲ್ಲ ಕಣೆ," ಎಂದಳು.

"ಹಂಗಾದ್ರೆ ಅರಿಸಿನ ಯಾಕೆ ಹಚ್ಚಿದೆ?" ಎಂದು ಫೋನ್ ಇಟ್ಟುಬಿಟ್ಟೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಏನು ಮಾಡುವುದು.

ಎರಡು ತಿಂಗಳು ಅವಳೂ ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ. ದಿನವೂ ಕತ್ತಲಗೆರೆಯ ಶಾಲೆಗೆ ಹೋಗಿ ಮಕ್ಕಳಿಗೆ ಗಣಿತ ಹೇಳಿಕೊಟ್ಟು, ಸಂಜೆ ಬಸ್ಸಿನಲ್ಲಿ ಚನ್ನಗಿರಿಗೆ ಬಂದು ಬಾಡಿಗೆ ಮನೆಯ ಬೀಗ ತೆಗೆಯುತ್ತಿದ್ದೆ. ಕುಕ್ಕರ್ ಕೂಗಿದರೆ "ಬಂದೆ ಇರು" ಎಂದು ಬಾಯಿಬಿಟ್ಟು ಹೇಳುತ್ತಿದ್ದೆ. ಇದನ್ನು ತಿಳಿದ ವಕೀಲರೇ ನನ್ನನ್ನು ಒಬ್ಬ ಆಪ್ತ ಸಮಾಲೋಚಕಿಯ ಬಳಿ ಕಳುಹಿಸಿದರು.

"ದಿನಾ ಯಾರ ಹತ್ರ ಮಾತಾಡ್ತೀರಿ?" ಎಂದು ಅವರು ಕೇಳಿದರು.

"ಅರವತ್ತು ಮಕ್ಕಳ ಹತ್ರ."

"ಮನೆಗೆ ಬಂದ್ಮೇಲೆ?"

"ಕುಕ್ಕರ್ ಹತ್ರ," ಎಂದು ನಗಲು ಹೋಗಿ ಅತ್ತುಬಿಟ್ಟೆ. ಅವರು ಅವಸರ ಮಾಡಲಿಲ್ಲ, ಮುಂದಿನ ಬುಧವಾರ ಬನ್ನಿ ಎಂದರು. ಹೋದೆ. ಅಳುವುದಕ್ಕೂ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವ ಕಾಲ ಬಂತಲ್ಲ ಎಂದು ನಗು ಬರುತ್ತಿತ್ತು. ಆದರೂ ಮಂಗಳವಾರವೇ ಸೀರೆ ಇಸ್ತ್ರಿ ಮಾಡಿಟ್ಟುಕೊಳ್ಳುತ್ತಿದ್ದೆ.

ಸಾಕ್ಷಿ ಹೇಳಿಸಲು ವಾರವಷ್ಟೇ ಉಳಿದಿದ್ದಾಗ ವಕೀಲರು, "ನಿಮ್ಮಕ್ಕ ಫೋನ್ ಮಾಡಿದ್ರು. ಬರ್ತಾರಂತೆ," ಎಂದರು.

ಅಕ್ಕ ಎರಡು ಬಸ್ ಬದಲಿಸಿ ಬಂದಳು. ನನ್ನ ಜೊತೆ ಮಾತಾಡದೆ ನೇರ ಕಟಕಟೆ ಹತ್ತಿದಳು. ಎದುರು ವಕೀಲರು ಪಾಟೀಸವಾಲಿನಲ್ಲಿ, "ಅಷ್ಟು ಪೆಟ್ಟಾಗಿದ್ರೆ ಆಸ್ಪತ್ರೆಗೆ ಯಾಕೆ ಕರ್ಕೊಂಡು ಹೋಗ್ಲಿಲ್ಲ?" ಎಂದು ಕೇಳಿದರು.

"ಊರಾಗೆ ಗೊತ್ತಾಗ್ತೈತೆ ಅಂತ ನಾನೇ ಬ್ಯಾಡ ಅಂದೆ ಸ್ವಾಮಿ. ಹೊಂದ್ಕೊಂಡು ಹೋಗು ಅಂತ ವಾಪಸ್ ಕಳ್ಸಿದ್ದೂ ನಾನೇ. ತಪ್ಪು ನಂದೇ."

ಅಲ್ಲಿಯವರೆಗೆ ಅವಳ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು. ಹೊರಗೆ ಬಂದವಳ ಕೈ ಹಿಡಿದು, "ಬಾ, ಮನೇಲಿ ಊಟ ಮಾಡ್ಕೊಂಡು ಹೋಗುವಂತೆ," ಎಂದೆ.

"ಬಸ್ಸಿಗೆ ಹೊತ್ತಾಗ್ತೈತೆ."

"ಹಂಗಾದ್ರೆ ಭಾನುವಾರ ನಾನೇ ಬರ್ತೀನಿ."

ಅವಳು ಕೋರ್ಟಿನ ಗೋಡೆ ಪಕ್ಕದ ಬೆಂಚಿನ ಮೇಲೆ ನನ್ನನ್ನು ಕೂರಿಸಿದಳು. ಚೀಲದಿಂದ ಅಕ್ಕಿ, ತೆಂಗಿನಕಾಯಿ, ರವಿಕೆ ಕಣ ತೆಗೆದು, "ಸೆರಗು ಒಡ್ಡು," ಎಂದಳು. ತವರಿನಿಂದ ಹೊರಡುವ ಹೆಣ್ಣುಮಗಳಿಗೆ ಮನೆಯೊಳಗೆ ಕೂರಿಸಿ ತುಂಬುವ ಉಡಿ ಅದು. ವಕೀಲರು, ಪೊಲೀಸರು, ಕಕ್ಷಿದಾರರು ಎಲ್ಲ ನೋಡುತ್ತಿದ್ದರು.

"ಇಲ್ಯಾಕೆ ಅಕ್ಕ? ಭಾನುವಾರ ಮನೇಲಿ ತುಂಬುವಂತೆ."

"ಸಾಕ್ಷಿ ಹೇಳಾಕೆ ಹೋದ್ರೆ ನಿನ್ ತಂಗಿ ಇನ್ಮೇಲೆ ಈ ಹೊಸಿಲು ತುಳೀಬಾರ್ದು ಅಂದಾರೆ ನಿಮ್ಮ ಭಾವ. ಅದುಕ್ಕೆ ಇಲ್ಲಿಗೇ ತಂದೆ."

ಐದು ಹಿಡಿ ಅಕ್ಕಿ ಹಾಕಿ, ನನ್ನ ಗದ್ದ ಮುಟ್ಟಿ, ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಎರಡೂ ಕೈಯಲ್ಲಿ ಉಡಿ ಹಿಡಿದು ಕೂತಿದ್ದೆ. ಅವಳನ್ನು ಹಿಡಿದು ನಿಲ್ಲಿಸಲು ನನಗೆ ಕೈಯೇ ಇರಲಿಲ್ಲ.