ಅರ್ತಿಂಗ್ ಗುಂಡಿಯ ಮೂರು ಗೆರೆ

ಮದ್ದೂರಿನ ಪಕ್ಕ ನಾವು ಹೊಸ ಮನೆ ಕಟ್ಟಿಸುವಾಗ ನಾನು ಹಟ ಹಿಡಿದದ್ದು ಒಂದಕ್ಕೇ: ಬಚ್ಚಲಿನ ಗೀಸರಿಗೆ ಅರ್ತಿಂಗ್ ಇರಬೇಕು. ನನ್ನ ಪುಟ್ಟ ಮಗಳಿಗೆ ದಿನಾ ನೀರು ಹುಯ್ಯುವವರು ನಮ್ಮತ್ತೆ. ಗೀಸರಿನೊಳಗೆ ಕರೆಂಟು ಸೋರಿದರೆ ಅದು ಅರ್ತ್ ವೈರು ಹಿಡಿದು ಮಣ್ಣಿಗೆ ಇಳಿಯಬೇಕು. ಇಲ್ಲದಿದ್ದರೆ ನಲ್ಲಿ ಮುಟ್ಟಿದವರ ಮೈಗೆ ಇಳಿಯುತ್ತದೆ. ಮಂಡ್ಯದಲ್ಲಿ ಐಟಿಐ ಎಲೆಕ್ಟ್ರಿಷಿಯನ್ ಓದಿದವಳಿಗೆ ಇಷ್ಟೂ ಗೊತ್ತಿರಬಾರದೇ?

ವೈರಿಂಗಿನವರು ಕಾಂಪೌಂಡಿನ ಮೂಲೆಯಲ್ಲಿ ಗುಂಡಿ ತೆಗೆದು, ಪೈಪು ನಿಲ್ಲಿಸಿ, ಸುತ್ತ ಇದ್ದಿಲು, ಕಲ್ಲುಪ್ಪು ತುಂಬಿದರು. ಮುಂದೆ ಯಾರಾದರೂ ತಿಳಿಯದೆ ಅಗೆದುಬಿಟ್ಟಾರೆಂದು ಪಕ್ಕದ ಗೋಡೆಗೆ ನಾನೇ ಕೆಂಪು ಬಣ್ಣದಲ್ಲಿ ಅರ್ತಿಂಗಿನ ಗುರುತು ಬರೆದೆ. ಒಂದು ನೇರ ಗೆರೆ, ಅದರಡಿ ಮೂರು ಅಡ್ಡಗೆರೆ, ಒಂದಕ್ಕಿಂತ ಒಂದು ಚಿಕ್ಕದು. ಪಕ್ಕದಲ್ಲಿ ಇಂಗ್ಲಿಷಿನ ‘ಇ’ ಅಕ್ಷರ. ನನ್ನ ಬುದ್ಧಿಗೆ ಭೇಷ್ ಅನ್ನಬೇಕು.

ಗೃಹಪ್ರವೇಶಕ್ಕೆ, ನಮ್ಮ ಕಡೆಯ ಮನೆವೊಕ್ಕಲಿಗೆ, ಕೆಲವೇ ದಿನ ಉಳಿದಿತ್ತು. ಮಾರನೇ ದಿನ ಹೂ ಕೀಳಲು ಹೋದ ಅತ್ತೆ ಅದನ್ನು ನೋಡಿ ನನ್ನನ್ನು ಕೂಗಿ ಕರೆದರು.

“ಮಾಟ ಮಾಡ್ಸವ್ರೆ ಕಣಮ್ಮ. ನಮ್ ಮನೆವೊಕ್ಲು ಆಗ್ಬಾರ್ದು ಅಂತ ಯಾರೋ ಮಾಡ್ಸವ್ರೆ.”

“ಅದು ನಾನೇ ಬರ್ದಿದ್ದು ಕಣತ್ತೆ. ಕರೆಂಟಿನ ಗುರುತು,” ಅಂದೆ.

“ನೀನ್ಯಾಕವ್ವ ಬರ್ದೆ?” ಈಗ ಅವರ ಅನುಮಾನ ನನ್ನ ಮೇಲೇ ತಿರುಗಿತು.

ಐಟಿಐ ಪುಸ್ತಕ ತಂದು ಅದೇ ಚಿಹ್ನೆ ತೋರಿಸಿದೆ. ‘ಎಲ್’ ಅಂದರೆ ಕರೆಂಟು ಬರುವ ವೈರು, ‘ಎನ್’ ಅಂದರೆ ಹಿಂದಿರುಗುವುದು, ‘ಇ’ ನಮ್ಮನ್ನು ಕಾಯುವುದು ಎಂದು ಬಿಡಿಸಿ ಹೇಳಿದೆ.

“ಕಾಯಕ್ಕೆ ದೇವ್ರಿಲ್ವಾ?” ಅಂದರು. ಇದಕ್ಕೆ ಯಾವ ಪುಸ್ತಕದಲ್ಲಿ ಉತ್ತರ ಹುಡುಕಲಿ?

ಗಂಡನ ಮುಖ ನೋಡಿದೆ. “ಅವ್ವ ಊಟನೇ ಬುಟ್ಬುಟ್ಟವ್ಳೆ. ಮನೆವೊಕ್ಲು ಆಗೋಗ್ಲಿ ಬುಡು, ಆಮೇಲ್ ಆಕ್ಸಣ,” ಅಂದರು. ಪೈಪು ಕಿತ್ತರು, ವೈರು ಕತ್ತರಿಸಿದರು, ಗೋಡೆಗೆ ಸುಣ್ಣ ಬಳಿದರು. ದೋಷ ಹೋಗಲೆಂದು ಗುಂಡಿ ಮುಚ್ಚಿ ಅದರ ಮೇಲೇ ತುಳಸಿಕಟ್ಟೆ ಕಟ್ಟಿಸಿದರು. ತುಳಸಿಕಟ್ಟೆ ಅಗೆಯಿರಿ ಅಂತ ಯಾವ ಬಾಯಲ್ಲಿ ಹೇಳಲಿ? ಬೇರೆ ಮೂಲೆಯಲ್ಲಿ ತೆಗೆಸೋಣವೆಂದರೆ ಗಂಡನದು ಒಂದೇ ಮಾತು: “ಮತ್ತೆ ಸುರು ಮಾಡ್ಬ್ಯಾಡ ಕಣೆ.” ಆ ‘ಆಮೇಲೆ’ ಇನ್ನೂ ಬಂದಿಲ್ಲ. ನನಗೆ ಸಿಟ್ಟು ಬರುತ್ತದೆ, ಅಳು ಬರುತ್ತದೆ, ಎರಡರಿಂದಲೂ ಏನೂ ಆಗುವುದಿಲ್ಲ.

ಈಗ ನೀರು ಕಾದ ಮೇಲೆ ಗೀಸರ್ ಆರಿಸಿಯೇ ಮಗಳನ್ನು ಒಳಗೆ ಕಳಿಸುತ್ತೇನೆ. ಬಿಸಿ ಸಾಲದಿದ್ದರೆ ಅತ್ತೆ ಮತ್ತೆ ಹಾಕಿಕೊಳ್ಳುತ್ತಾರೆ. ಮೇನ್ ಸ್ವಿಚ್ಚೇ ಆರಿಸಿ ನೋಡಿದ್ದೂ ಉಂಟು, ಮನೆಯೆಲ್ಲ ರಂಪವಾಯಿತು. ಹಾಗಾಗಿ ಬಚ್ಚಲಿನ ಬಾಗಿಲಿಗೆ ಕಿವಿ ಕೊಟ್ಟು ನಿಲ್ಲುತ್ತೇನೆ. ಮಗಳು ಒಳಗೆ ನಗುತ್ತಿರುವಷ್ಟು ಹೊತ್ತು ಜೀವಕ್ಕೆ ಸಮಾಧಾನ. ಸುಮ್ಮನಾದಳೋ, ಕೂಗಿಬಿಡುತ್ತೇನೆ.

“ಏನಮ್ಮ ನಿನ್ ಗೋಳು?” ಅನ್ನುತ್ತಾರೆ ಅತ್ತೆ ಒಳಗಿನಿಂದ. “ಮೊಗಿನ್ ತಲೆಗೆ ನೀರ್ ಉಯ್ತಾ ಇವ್ನಿ.”