ಗುಡಿಸಿದ ಮರಳು, ಖಾಲಿ ಬಿಟ್ಟ ಅಂಕಿ

ಕುಮಟಾ ಸಮೀಪದ ಕಡಲತೀರ. ಇನ್ನೂ ಬಿಸಿಲು ಬಿದ್ದಿಲ್ಲ. ಹಗ್ಗದ ಸುರುಳಿ ಹೆಗಲಿಗೆ ಹಾಕಿಕೊಂಡು ನೇತ್ರಾ ಬರುವಷ್ಟರಲ್ಲಿ ಅವರ ವಿದ್ಯಾರ್ಥಿನಿಯರು ಕಸಬರಿಗೆ ಹಿಡಿದು ನಗುತ್ತ ನಿಂತಿದ್ದಾರೆ. ಮರಳು ಲಕಲಕ. ಒಂದು ಬಾಟಲಿ ಮುಚ್ಚಳವೂ ಇಲ್ಲ.

“ಅಂಕಿತಾ, ಏನ್ ಮಾಡೀರಬೇ?”

“ಕಸಾ ಹೊಡದ್ವಿ ಮೇಡಂ. ಅಲ್ಲಿದ್ದ ಗುಡ್ಡಿಗೆ ಹಾಕೇವ್ರಿ, ಎಣಸೂಣು.”

“ಅದು ಮೀನಗಾರರ ಗುಡ್ಡಿ. ಅದರಾಗ ಅವರ ಕಸಾ ಯಾವುದು, ನಮ್ಮದ್ಯಾವುದು?”

ನೇತ್ರಾ ಮರಳ ಮೇಲೆಯೇ ಕುಳಿತುಬಿಡುತ್ತಾರೆ. ಬೆಳಗಾದರೆ ಅಂಗಳ ಗುಡಿಸದೆ ಬೇರೆ ಕೆಲಸಕ್ಕೆ ಕೈಹಾಕದ ಮನೆಗಳ ಹುಡುಗಿಯರು ಇವರು. ಉಳಿದುಕೊಂಡಿದ್ದ ಛತ್ರದಿಂದ ಕಸಬರಿಗೆಯನ್ನೂ ಹೊತ್ತು ತಂದಿದ್ದಾರೆ. ಬಯ್ಯುವುದಾದರೂ ಹೇಗೆ?

ಯಲವಿಗಿಯ ನೇತ್ರಾ ಹಾನಗಲ್ಲಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕಿ. ಕೂದಲು ನರೆಯುತ್ತ ಬಂದರೂ ಇನ್ನೂ ಅತಿಥಿಯೇ! ದಿನಾ ಸವಣೂರಿನಲ್ಲಿ ಬಸ್ಸು ಬದಲಿಸಿ, ನಿಂತೇ ಹೋಗಿ, ನಿಂತೇ ಪಾಠ ಮಾಡುತ್ತಾರೆ. ವರ್ಷಕ್ಕೊಮ್ಮೆ ಹುಡುಗಿಯರ ಮನೆಮನೆಗೆ ಹೋಗಿ, ತಂದೆತಾಯಿಯರ ಕೈಕಾಲು ಹಿಡಿದು ಮಕ್ಕಳನ್ನು ಕಡಲಿಗೆ ಕರೆತರುತ್ತಾರೆ. ಪ್ರತಿ ವರ್ಷ ಅದೇ ದಿನ, ಹಗ್ಗ ಕಟ್ಟಿದ ಅದೇ ಮರಳ ಪಟ್ಟಿಯಲ್ಲಿ ಬಿದ್ದ ಪ್ಲಾಸ್ಟಿಕ್ ಎಣಿಸಿ, ಮೊಬೈಲಿನಿಂದ ವಿಜ್ಞಾನಿಗಳಿಗೆ ಕಳಿಸುವ ಕೆಲಸ. ನಾಗರಿಕ ವಿಜ್ಞಾನ ಎಂದರೆ ಇದೇ: ಜನರೇ ನೋಡುವುದು, ಜನರೇ ಎಣಿಸುವುದು.

ಹಾನಗಲ್ಲಿನವರಿಗೆ ಸಮುದ್ರದ ಉಸಾಬರಿ ಯಾಕೆಂದು ಕೇಳುವವರಿದ್ದಾರೆ. ವರದಾ ನದಿಗೆ ಗುಟ್ಕಾ ಚೀಟಿ ಎಸೆಯುವಾಗ ಅದು ಎಲ್ಲಿಗೆ ಹೋಗುತ್ತದೆಂದು ಈ ಮಹಾಶಯರು ಕೇಳಿದ್ದಾರೆಯೇ? ವರದೆಯ ನೀರು ಸೇರುವುದು ಮೂಡಣ ಕಡಲನ್ನು. ಅದು ಬಲು ದೂರ, ಹಾಗಾಗಿ ನೇತ್ರಾ ಪಡುವಣ ಕಡಲಿಗೆ ಬರುತ್ತಾರೆ.

“ನಮ್ಮವ್ವ ಸರೋಜವ್ವನೂ ನಗತಾಳ್ರಿ,” ಎಂದು ತಮ್ಮ ಬಗ್ಗೆ ಬರೆಯಲು ಬಂದ ನನಗೆ ಹೇಳುತ್ತಾರೆ ನೇತ್ರಾ. “ಕಸಾ ಎಣಸಾಕ ಅಷ್ಟು ದೂರ ಯಾಕ, ನಮ್ಮ ಹಿತ್ತಲದಾಗ ಇಲ್ಲೇನು ಅಂತಾಳ.”

ಇದು ಮೂರನೆಯ ವರ್ಷ. ಸತತ ಮೂರು ವರ್ಷದ ಲೆಕ್ಕವಿದ್ದರೆ ಮಾತ್ರ ಈ ಪಟ್ಟಿ ವಿಜ್ಞಾನಿಗಳ ನಕಾಶೆಯಲ್ಲಿ ಉಳಿಯುತ್ತದೆ. ಇಲ್ಲದಿದ್ದರೆ ಹಿಂದಿನ ಎರಡು ವರ್ಷದ ದುಡಿಮೆಯೂ ಹೋಯಿತು.

ಪೂಜಾ ಎಂಬ ಹುಡುಗಿ ಮೆಲ್ಲಗೆ ಹೇಳುತ್ತಾಳೆ, “ಹೋದ ವರ್ಷದ್ದ ಅಂಕಿ ಹಿಂದಮುಂದ ಮಾಡಿ ಹಾಕಿದ್ರ ಯಾರಿಗೆ ತಿಳಿತದ್ರಿ?”

“ನಿನಗ ತಿಳಿತದಲ್ಲ.”

“ಹಂಗಾರ ಸೊನ್ನಿ ಹಾಕೂಣ್ರಿ.”

“ಸೊನ್ನಿ ಅಂದ್ರ ಕಸಾ ಇದ್ದಿಲ್ಲ ಅಂತ. ಕಸಾ ಇತ್ತು. ನಾವು ಎಣಸಲಿಲ್ಲ.”

ಅಂಕಿ ಬರೆಯುವ ಜಾಗ ಖಾಲಿ ಬಿಟ್ಟು, ಕೆಳಗೆ ‘ಎಣಿಸುವ ಮೊದಲೇ ನಾವು ಗುಡಿಸಿದೆವು’ ಎಂದು ಬರೆದು ಕಳಿಸುತ್ತಾರೆ. ಅಂಕಿತಾ ಅಳುತ್ತಾಳೆ. ನೇತ್ರಾ ಆಕೆಗೆ ಚಹಾ ಕುಡಿಸುತ್ತಾರೆ.

ಮುಂದೇನು ಎಂದು ಕೇಳುತ್ತೇನೆ. ಅವರು ಕಣ್ಣುಜ್ಜಿಕೊಳ್ಳುತ್ತಾರೆ.

“ಮತ್ತ ಒಂದನೇ ವರ್ಷದಿಂದ ಶುರು ಮಾಡೂದ್ರಿ, ನನ್ನ ಕೆಲಸಾ ಉಳದ್ರ. ಹೊಸಾ ಹುಡುಗ್ಯಾರಿಗೆ ಮೊದಲ ಪಾಠ ಒಂದ ಹೇಳ್ತೇನಿ: ಹೊಲಸು ಕಂಡರ ಗುಡಸಬ್ಯಾಡ್ರಿ, ಮದಲ ನಿಂತು ನೋಡ್ರಿ ಅಂತ. ನಮ್ಮ ಹೆಣ್ಮಕ್ಕಳಿಗೆ ಅದ ಭಾಳ ಕಷ್ಟ ನೋಡ್ರಿ.”