ನಮ್ಮನೆಗೆ ಎರಡು ಬೆಲ್

ಟ್ರಿಂಗ್. ಸ್ವಲ್ಪ ಬಿಟ್ಟು ಇನ್ನೊಂದು ಟ್ರಿಂಗ್. ಆಮೇಲೆ ಏರು ರಸ್ತೆ, ಸೈಕಲ್ ತಳ್ಳಿಕೊಂಡೇ ಬರಬೇಕು, ಸದ್ದಿಲ್ಲ. ಕೊನೆಗೆ ನಮ್ಮ ಗೇಟಿನಲ್ಲಿ ಟ್ರಿಂಗ್-ಟ್ರಿಂಗ್. ಕಾಕ್ಸ್ ಟೌನಿನ ನಮ್ಮ ಬೀದಿಗೆ ಬ್ರೆಡ್ ತರುತ್ತಿದ್ದ ಅನ್ವರ್ ಭಾಯ್, ಒಂದೊಂದು ಮನೆಗೆ ಒಂದೇ ಬೆಲ್ ಹೊಡೆಯೋರು. ಮಮ್ಮಿಗೆ ಕಿವಿ ಮಂದ ಅಂತ ನಮಗೆ ಮಾತ್ರ ಎರಡು.

ಇವತ್ತು ಅದು ನೆನಪಾದದ್ದು ಒಂದು ರಿಸರ್ಚ್ ಪೇಪರಿನಿಂದ. ನಗಬೇಡಿ. ತಮ್ಮನ ಮೊಮ್ಮಗಳು ಶೆರಿಲ್ ಮಿದುಳಿನ ಬಗ್ಗೆ ಓದುತ್ತಿದ್ದಾಳೆ; ತನಗಿಷ್ಟವಾದ ಪೇಪರುಗಳನ್ನು ನನ್ನ ಫೋನಿಗೂ ಕಳಿಸ್ತಾಳೆ. ಕಾನ್ವೆಂಟಿನ ಸಿಸ್ಟರುಗಳು ಬೆತ್ತ ಹಿಡಿದು ಕಲಿಸಿದ ನನ್ನ ಇಂಗ್ಲಿಷು ಎರಡನೇ ಪ್ಯಾರಾದಲ್ಲೇ ಸುಸ್ತಾಗುತ್ತೆ. ಗ್ರಾಫ್ ಬಂದರೆ ಕನ್ನಡಕ ಒರೆಸಿಕೊಂಡು ಮುಂದೆ ಹೋಗ್ತೀನಿ. ಆದರೆ ಇಲಿಯದೊಂದನ್ನು ಮಾತ್ರ ಮತ್ತೆ ಮತ್ತೆ ಓದ್ತೀನಿ. ಇಲಿ ಒಂದು ದಾರಿಯಲ್ಲಿ ಓಡಾಡುವಾಗ ಅದರ ಮಿದುಳಿನ ನರಕೋಶಗಳು ಒಂದೊಂದು ಜಾಗಕ್ಕೆ ಒಂದೊಂದು ಅಂತ ಮಿಡಿಯುತ್ತವಂತೆ. ನಿದ್ದೆ ಹೋದಾಗ ಅವೇ ಕೋಶಗಳು, ಅದೇ ಸಾಲಿನಲ್ಲಿ, ಮತ್ತೆ! ಕಾಲು ಕದಲಿಸದೆ ಇಲಿ ಆ ದಾರಿ ನಡೆದು ಬರುತ್ತೆ. ಮೈ ಗಾಡ್! ಚರ್ಚಿನಲ್ಲಿ ಮಂಡಿಯೂರಿದಾಗಲೂ ನನ್ನ ಮೈ ಹೀಗೆ ಜುಮ್ಮೆಂದದ್ದು ಕಡಿಮೆ.

“ಗ್ರ್ಯಾನಿ, ಅದು ಇಲಿ. ಮನುಷ್ಯರ ಕತೆ ಕಟ್ಬೇಡಿ,” ಅಂದಳು ಶೆರಿಲ್.

“ನೀನು ಅನ್ವರ್ ಭಾಯ್ ಹೆಬ್ಬೆರಳು ನೋಡಿಲ್ಲ, ಸುಮ್ನಿರು,” ಅಂದೆ.

ನನಗೆ ಎಪ್ಪತ್ತು ದಾಟಿದರೂ ಭಾಯ್‌ಗೆ ನಾನು ‘ಬೇಬಿ’ಯೇ. ಮಮ್ಮಿ ಹೋದಳು, ತಮ್ಮ ಹೋದ, ಮನೆ ಕೆಡವಿ ಫ್ಲಾಟು ಬಂತು; ಹಾಗೆ ಕರೆಯೋಕೆ ಉಳಿದವರು ಅವರೊಬ್ಬರೇ. ಅವರಿಗೆ ಮರೆವಿನ ಕಾಯಿಲೆ ಅಂತ ಹೋದ ವರ್ಷ ಗೊತ್ತಾದಾಗ, ಪೂರ್ತಿ ಮರೆಯೋದರೊಳಗೆ ಒಂದು ಸಲ ಬೇಬಿ ಅನ್ನಿಸಿಕೊಂಡುಬಿಡೋಣ ಅಂತ ಶಿವಾಜಿನಗರದ ಅವರ ಮನೆಗೆ ಓಡಿದೆ. ಸ್ವಾರ್ಥವೇ, ಒಪ್ಪಿದೆ.

ನನ್ನ ಮುಖವನ್ನೇ ನೋಡಿ “ಕೌನ್?” ಅಂದರು.

“ಅಬ್ಬಾಜಾನ್, ಕಾಕ್ಸ್ ಟೌನ್ ಬೇಬಿ!” ಭಾಯ್ ಮಗಳು ಶಾಹಿದಾ ಅವರ ಕಿವಿಯಲ್ಲಿ ಕೂಗಿದಳು. ಊಹೂಂ. “ಬೇಜಾರ್ ಮಾಡ್ಕೋಬೇಡಿ ಮ್ಯಾಡಮ್, ನಿನ್ನೆ ನನ್ನೇ ನರ್ಸ್ ಅಂದ್ಕೊಂಡು ಸಲಾಂ ಹೊಡೆದ್ರು.”

ನಕ್ಕೆವು. ಅವಳು ಚಹಾಕ್ಕೆ ಒಳಗೆ ಹೋದಳು. ಭಾಯ್ ಕುರ್ಚಿಯಲ್ಲೇ ನಿದ್ದೆ ಹೋದರು. ನಾನು ಬ್ಯಾಗ್ ಎತ್ತಿಕೊಂಡೆ.

ಕುರ್ಚಿಯ ತೋಳಿನ ಮೇಲೆ ಅವರ ಹೆಬ್ಬೆರಳು ಒತ್ತಿತು, ಒಂದು ಸಲ. ತಡೆದು, ಇನ್ನೊಂದು. ಆಮೇಲೆ ಬಹಳ ಹೊತ್ತು ಏನಿಲ್ಲ. ಏರು ರಸ್ತೆ! ನಾನು ಉಸಿರು ಬಿಗಿಹಿಡಿದು ನಿಂತೆ, ಚಿಕ್ಕಂದಿನಲ್ಲಿ ಬ್ರೆಡ್ಡಿಗೆ ಕಾಯುತ್ತಾ ಗೇಟಿನ ಒಳಗೆ ನಿಲ್ಲುತ್ತಿದ್ದ ಹಾಗೆ.

ಹೆಬ್ಬೆರಳು ಎರಡು ಸಲ ಒತ್ತಿತು.

ಇದು ಪುರಾವೆ ಅಲ್ಲ ಅಂತಾಳೆ ಶೆರಿಲ್. ಇರಲಿ. ಕೆಡವಿದ ನಮ್ಮನೆ, ಗೇಟು, ಮಮ್ಮಿಯ ಮಂದ ಕಿವಿ ಎಲ್ಲ ಆ ತಲೆಯೊಳಗೆ ನಿಂತೇ ಇತ್ತು. ಅವರನ್ನು ನಾನು ಕಡೆಯ ಸಲ ನೋಡಿದ್ದು ಹಾಗೆ, ನಿದ್ದೆಯಲ್ಲಿ. ಎಚ್ಚರವಾಗದಷ್ಟು ಮೆಲ್ಲಗೆ “ಬಂದೆ ಭಾಯ್,” ಅಂದೆ.